ಬಾಣಂತಿ ಕೋಣೆಗೆ ಬಂದ ಕಪ್ಪುಕುಳಿ

ಬಾಣಂತಿ ಓದಬಾರದು ಎನ್ನುವುದು ನಮ್ಮಮ್ಮನ ಕಾನೂನು. ಓದಿದರೆ ಕಣ್ಣಿನ ನರ ಸಡಿಲವಾಗುತ್ತದೆ, ನಲವತ್ತು ದಾಟುವುದರೊಳಗೆ ಗೋಡೆ ತಡವಿಕೊಂಡು ಓಡಾಡಬೇಕಾಗುತ್ತದೆ. ಈ ಕಾನೂನಿಗೆ ಆಕೆಯ ಬಳಿ ಸಾಕ್ಷಿಯೂ ಇತ್ತು. ನಾನು ಹುಟ್ಟಿ ತಿಂಗಳು ತುಂಬುವ ಮೊದಲೇ ಆಕೆ ಎದ್ದು ಕೂತು ಊರವರ ರವಿಕೆ ಹೊಲಿದಿದ್ದಳಂತೆ. ಅದರ ಫಲವೇ ಮೂಗಿನ ಮೇಲಿನ ಸೋಡಾಬುಡ್ಡಿ ಕನ್ನಡಕ. "ಇದು ನಿನ್ ದೆಸೆಯಿಂದ ಬಂದಿದ್ದು ಕಣೇ. ನೀನೂ ಒಂದು ಮಾಡಿಸ್ಕೋಬೇಡ" ಎನ್ನುತ್ತ ನನ್ನ ಕೈಯಲ್ಲಿದ್ದ ಕಾಗದದ ಕಟ್ಟನ್ನು ಕಿತ್ತುಕೊಂಡು ಬೀರುವಿನ ಮೇಲಿಟ್ಟಳು.

ಆ ಕಟ್ಟಿನಲ್ಲಿದ್ದದ್ದು ಒಂದು ಕಪ್ಪುಕುಳಿ. ಅದಕ್ಕಾಗಿ ನಾನು ವರ್ಷಗಟ್ಟಲೆ ಕಾದಿದ್ದೆ.

ಇದು ತೊಂಬತ್ತರ ದಶಕದ ಮಾತು. ಬೆಂಗಳೂರಿನ ಒಂದು ಸಣ್ಣ ಸಂಶೋಧನಾ ಗುಂಪಿನಲ್ಲಿ ನನಗೆ ಕೆಲಸ. ಆಕಾಶದಿಂದ ಬರುವ ಎಕ್ಸ್-ಕಿರಣಗಳನ್ನು ನಮ್ಮ ಗಾಳಿಯ ಹೊದಿಕೆ ಮೇಲೆಯೇ ನುಂಗಿಬಿಡುತ್ತದೆ. ಹಾಗಾಗಿ ಅವನ್ನು ಹಿಡಿಯಬೇಕಾದರೆ ಉಪಕರಣವನ್ನೇ ಗಾಳಿಯ ಆಚೆ ಕಳಿಸಬೇಕು. ನಾವು ಮಾಡಿದ ಉಪಕರಣ ನೋಡಲು ಏನೇನೂ ಚೆಂದವಿರಲಿಲ್ಲ. ಒಂದಷ್ಟು ಅಲ್ಯೂಮಿನಿಯಂ ಪೆಟ್ಟಿಗೆಗಳು, ಒಳಗೆ ಅನಿಲ, ಅನಿಲದ ನಡುವೆ ಕೂದಲಿಗಿಂತ ತೆಳ್ಳಗಿನ ತಂತಿಗಳು. ಎಕ್ಸ್-ಕಿರಣದ ಒಂದು ಕಣ ಒಳಗೆ ಬಿದ್ದರೆ ತಂತಿಯಲ್ಲಿ ಒಂದು ವಿದ್ಯುತ್ ಮಿಡಿತ. ಆ ಮಿಡಿತಗಳನ್ನು ಎಣಿಸುತ್ತ ಕೂರುವುದೇ ನಮ್ಮ ಖಗೋಳಶಾಸ್ತ್ರ. ತಂತಿ ಬಿಗಿದವಳು, ಅನಿಲ ಸೋರುತ್ತದೆಯೇ ಎಂದು ವಾರಗಟ್ಟಲೆ ಕಾದು ನೋಡಿದವಳು, ಸೋರಿದಾಗ ಬಿಚ್ಚಿ ಮತ್ತೆ ಕಟ್ಟಿದವಳು ನಾನು. ನಾನು ಬಸುರಿಯಾಗಿದ್ದಾಗ ಪೆಟ್ಟಿಗೆಗಳು ಉಪಗ್ರಹದ ಬೆನ್ನೇರಿ ಮೇಲಕ್ಕೆ ಹೋದವು.

ಉಪಗ್ರಹ ನಮ್ಮದಲ್ಲ. ಭೂಮಿಯ ಚಿತ್ರ ತೆಗೆಯುವುದು ಅದರ ಮೂಲ ಕೆಲಸ, ನಾವು ಬಾಡಿಗೆ ಇಲ್ಲದ ಬಾಡಿಗೆದಾರರು. ವರ್ಷದಲ್ಲಿ ಒಂದಷ್ಟು ದಿನ ಮಾತ್ರ ಅದರ ಮುಖವನ್ನು ಭೂಮಿಯಿಂದ ತಿರುಗಿಸಿ ಆಕಾಶದ ಕಡೆಗೆ ಹಿಡಿಯಲು ನಮಗೆ ಅನುಮತಿ ಇತ್ತು. ಆ ದಿನಗಳು ಬರುವ ಹೊತ್ತಿಗೆ ಸರಿಯಾಗಿ ನಾನು ಹೆರಿಗೆಗೆಂದು ಚಿಂತಾಮಣಿಯ ತವರಿಗೆ ಬಂದಿದ್ದೆ. ಮಗಳು ಹುಟ್ಟಿದಳು. ಎರಡು ವರ್ಷದ ಹಿಂದೆಯೂ ಒಮ್ಮೆ ಅಮ್ಮ ಇದೇ ಕೋಣೆಗೆ ಸುಣ್ಣ ಹೊಡೆಸಿ, ತೊಟ್ಟಿಲು ಒರೆಸಿ ಇಟ್ಟಿದ್ದಳು. ಆಗ ನಾನು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಿದ್ದೆ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಈ ಸಲ ಕೋಣೆ ತುಂಬಿತ್ತು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಮುಚ್ಚಿದ ಕಿಟಕಿ, ಸಾಂಬ್ರಾಣಿ ಹೊಗೆ, ತಲೆಗೆ ಬಿಗಿದ ಸ್ಕಾರ್ಫು, ಎರಡೂ ಕಿವಿಗೆ ಅರಳೆ, ಊಟಕ್ಕೆ ಮೆಣಸಿನ ಸಾರು. ನನ್ನ ಗಂಡ ಗೌರಿಬಿದನೂರಿನ ಕಾಲೇಜಿನಲ್ಲಿ ಮೇಷ್ಟ್ರು. ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಬಂದು, ಮಗುವನ್ನು ನೋಡಿ, ಹೊಗೆಗೆ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಮಿಕ್ಕ ದಿನ ನಾನು, ಮಗು, ಅಮ್ಮ. ಹೊರಗೆ ಜಗಲಿಯಲ್ಲಿ ಅಪ್ಪ.

ಅಂಥದ್ದರಲ್ಲಿ ನಮ್ಮ ಗುಂಪಿನ ಹಿರಿಯರಿಂದ ಒಂದು ಚೀಟಿಯೂ ಆ ಕಾಗದದ ಕಟ್ಟೂ ಬಂದವು. ಗರುಡ ನಕ್ಷತ್ರಪುಂಜದ ದಿಕ್ಕಿನಲ್ಲಿರುವ ಒಂದು ಜೋಡಿ, ಒಂದು ನಕ್ಷತ್ರ ಮತ್ತು ಅದರ ಜೊತೆಗಿರುವ ಕಪ್ಪುಕುಳಿ, ಇದ್ದಕ್ಕಿದ್ದಂತೆ ವಿಚಿತ್ರವಾಗಿ ಮಿನುಗುತ್ತಿದೆಯಂತೆ. ಮಿನುಗಿಗೆ ಒಂದು ಕ್ರಮ ಇದ್ದರೆ ಉಳಿದ ದಿನಗಳನ್ನೆಲ್ಲ ಅದಕ್ಕೇ ಕೊಡುವುದು. ಕ್ರಮ ಇಲ್ಲದಿದ್ದರೆ ಉಪಗ್ರಹವನ್ನು ಬೇರೊಂದು ಹಳೆಯ, ಪರಿಚಿತ ಜೋಡಿಯ ಕಡೆ ತಿರುಗಿಸುವುದು. ಅಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ಎರಡನ್ನೂ ನೋಡುವಷ್ಟು ದಿನ ಉಳಿದಿಲ್ಲ. ಗ್ರಾಫ್ ಬರೆಯುವ ಯಂತ್ರ ಕೆಟ್ಟು ಕೂತಿದೆ. ಗುಂಪಿನ ಕಿರಿಯ ಹುಡುಗ ಹಗಲೆಲ್ಲ ನಿಯಂತ್ರಣ ಕೇಂದ್ರದಲ್ಲಿರುತ್ತಾನೆ. "ಬರೀ ಅಂಕಿ ನೋಡಿ ಹೇಳಬಲ್ಲವರು ನೀವೊಬ್ಬರೇ. ಬಾಣಂತಿಗೆ ಯಾಕೆ ತೊಂದರೆ, ಅವರನ್ನು ಬಿಟ್ಟುಬಿಡೋಣ ಎಂದು ಇಲ್ಲಿ ಕೆಲವರು ಹೇಳಿದರು. ಬಿಡಬೇಕೇ, ನೀವೇ ಹೇಳಿ" ಎಂದು ಹಿರಿಯರು ಬರೆದಿದ್ದರು.

ಬಿಡುವುದುಂಟೆ! ತಂತಿ ಬಿಗಿದವಳು ನಾನು, ರಾಗ ಕೇಳುವವರು ಇನ್ಯಾರೋ?

ಆದರೆ ಕಟ್ಟು ಬೀರುವಿನ ಮೇಲಿತ್ತು. ನಾನು ಗೋಗರೆದೆ, ಸಿಟ್ಟು ಮಾಡಿದೆ, ಊಟ ಬಿಡುತ್ತೇನೆಂದು ಹೆದರಿಸಿದೆ. ಕೊನೆಯ ಬೆದರಿಕೆಗೆ ಅಮ್ಮ ಬಗ್ಗಿದಳು, ಅರ್ಧಕ್ಕೆ.

"ನೀನು ಕಣ್ಣು ಮುಚ್ಕೊಂಡು ಮಲಕ್ಕೋ. ನಾನು ಓದ್ತೀನಿ. ಅಂಕಿ ತಾನೇ? ನಂಗೇನು ಇಂಗ್ಲಿಷ್ ಅಂಕಿ ಬರಲ್ವಾ?"

"ಕಿವೀಲಿ ಅರಳೆ ಇದ್ಯಲ್ಲಮ್ಮ."

ಅಮ್ಮ ಸ್ವಲ್ಪ ಯೋಚಿಸಿದಳು. "ಒಂದು ಕಿವೀದು ತೆಗೀತೀನಿ. ಇನ್ನೊಂದ್ ಕಡೆ ಗಾಳಿ ಹೋಗ್ಬಾರ್ದು."

ಹಾಗೆ ನಮ್ಮ ವೀಕ್ಷಣಾಲಯ ಶುರುವಾಯಿತು. ಮಧ್ಯಾಹ್ನ ಮಗುವಿಗೆ ಹಾಲು ಕುಡಿಸಿ ಮಲಗಿಸಿದ ಮೇಲೆ ಅಮ್ಮ ಮಂಚದ ಪಕ್ಕ ಮಣೆ ಹಾಕಿಕೊಂಡು ಕೂರುವಳು. ಎರಡೂ ಅಂಚಿಗೆ ತೂತುಗಳಿದ್ದ ಆ ಮಡಿಕೆ ಮಡಿಕೆಯ ಕಂಪ್ಯೂಟರ್ ಕಾಗದವನ್ನು ತೊಡೆಯ ಮೇಲೆ ಹರಡಿ, ಬಾಗಿಲ ಸಂದಿಯ ಬೆಳಕಿಗೆ ಹಿಡಿಯುವಳು. ಪ್ರತಿ ಸಾಲೂ ಒಂದೊಂದು ಸೆಕೆಂಡಿನ ಲೆಕ್ಕ. ಎಡಗಡೆ ಹೊತ್ತು, ನಡುವೆ ಆ ಸೆಕೆಂಡಿನಲ್ಲಿ ಪೆಟ್ಟಿಗೆಗಳಿಗೆ ಬಿದ್ದ ಎಕ್ಸ್-ಕಿರಣಗಳ ಎಣಿಕೆ, ಬಲಗಡೆ ಕಾವಲು ಪದರದ ಎಣಿಕೆ. ಅಡ್ಡಾದಿಡ್ಡಿ ಬಂದು ಬೀಳುವ ಬೇರೆ ಕಣಗಳನ್ನು ಗುರುತಿಸಲೆಂದು ಪೆಟ್ಟಿಗೆಯ ಸುತ್ತ ಇಟ್ಟಿದ್ದ ತಂತಿಗಳು ಅವು. "ನಡುವಿಂದು ಮಾತ್ರ ಓದಮ್ಮ, ಮಿಕ್ಕಿದ್ದು ಬೇಡ" ಎಂದು ಹೇಳಿಕೊಟ್ಟೆ.

ಬರೆದುಕೊಳ್ಳುವುದಕ್ಕೂ ನಿಷೇಧ ಇದ್ದದ್ದರಿಂದ ಅಡುಗೆಮನೆಯಿಂದ ಒಂದು ಬಟ್ಟಲು ಹುಣಸೆ ಬೀಜ ತರಿಸಿದೆ. ಚಿಂತಾಮಣಿಯ ಮನೆಯಲ್ಲಿ ಹುಣಸೆ ಬೀಜಕ್ಕೆ ಬರವೇ? ಅಮ್ಮ ಹತ್ತು ಅಂಕಿ ಓದಿದರೆ ಹಾಸಿಗೆಯ ಮೇಲೆ ಒಂದು ಬೀಜ. ಹತ್ತನ್ನು ಬೆರಳ ಗೆಣ್ಣಿನಲ್ಲಿ ಎಣಿಸುವುದು. ಎಣಿಕೆ ಥಟ್ಟನೆ ಬಿದ್ದರೆ ಆ ಸಾಲು ಮುಗಿಯಿತು, ಹೊಸ ಸಾಲು ಶುರು. ಸಾಲುಗಳೆಲ್ಲ ಹೆಚ್ಚುಕಮ್ಮಿ ಒಂದೇ ಉದ್ದ ಬಂದರೆ ಕ್ರಮ ಇದೆ ಎಂದರ್ಥ. ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿ ನೋಡಬಹುದಿತ್ತು.

ಅಮ್ಮನಿಗೂ ವಿಷಯ ಗೊತ್ತಿರಲಿ ಎಂದು ಹೇಳಿದೆ. ಕಪ್ಪುಕುಳಿ ಪಕ್ಕದ ನಕ್ಷತ್ರದಿಂದ ಅನಿಲವನ್ನು ಎಳೆದುಕೊಳ್ಳುತ್ತದೆ, ಆ ಅನಿಲ ಸುತ್ತುತ್ತ ಸುತ್ತುತ್ತ ಕಾದು ಎಕ್ಸ್-ಕಿರಣ ಚೆಲ್ಲುತ್ತದೆ, ಕೊನೆಗೆ ಒಳಗೆ ಬಿದ್ದು ಕಾಣೆಯಾಗುತ್ತದೆ.

"ಜೊತೇಲಿರೋದನ್ನೇ ತಿಂದ್ಹಾಕುತ್ತಾ? ಎಂಥ ಮುಂಡೇದೇ ಅದು! ಎಷ್ಟು ದೂರ ಇದೆ?"

"ಅಲ್ಲಿಂದ ಬೆಳಕು ಬರೋದಕ್ಕೇ ಹತ್ತಾರು ಸಾವಿರ ವರ್ಷ ಬೇಕಮ್ಮ."

"ಹಂಗಾದ್ರೆ ಅದು ಯಾವತ್ತೋ ತಿಂದು ಕೈ ತೊಳ್ಕೊಂಡಿದೆ. ನಿಮ್ಮೋರಿಗೆ ಈಗೇನೇ ಅವಸರ?"

ಅಮ್ಮ ಓದಲು ಶುರು ಮಾಡಿದಳು.

ಆಕೆಯ ಓದು ಮಗ್ಗಿ ಒಪ್ಪಿಸುವವರ ಧಾಟಿಯಲ್ಲಿತ್ತು. ದಣಿದಾಗ ಅಂಕಿಗಳು ತಾವಾಗಿಯೇ ತೆಲುಗಿಗೆ ತಿರುಗುತ್ತಿದ್ದವು. ಇನ್ನೂರ ತೊಂಬತ್ತು, ಮುನ್ನೂರ ಹನ್ನೆರಡು ಎಂದು ಬರುತ್ತಿದ್ದದ್ದು ಮೂಡು ವಂದಲ ಇರವೈ ಎಂದು ಮುಂದುವರಿಯುತ್ತಿತ್ತು. ಅಂಕಿ ಏರಿದರೆ ಆಕೆಗೆ ತಿಳಿಯದೆಯೇ ದನಿಯೂ ಏರುವುದು, ಬಿದ್ದರೆ ದನಿಯೂ ಇಳಿಯುವುದು. ಹಾಗಾಗಿ ನಾನು ಅದನ್ನು ಮೊದಲು ಗ್ರಾಫಿನಲ್ಲಿ ನೋಡಲಿಲ್ಲ, ಅಮ್ಮನ ಕಂಠದಲ್ಲಿ ಕೇಳಿದೆ. ನಿಧಾನವಾಗಿ, ಬಲು ನಿಧಾನವಾಗಿ ಏರುವುದು. ಮೇಲೆ ಹೋಗುತ್ತ ಹೋಗುತ್ತ ಅವಸರ ಹೆಚ್ಚುವುದು. ಆಮೇಲೆ ಧೊಪ್ಪನೆ ಬಿದ್ದುಬಿಡುವುದು. ಮತ್ತೆ ಮೊದಲಿಂದ.

"ಹಾಲು ಉಕ್ಕಿ ಬರೋ ಹಂಗೆ ಬರ್ತದೆ ಕಣೇ. ಯಾರೋ ನೀರು ಚಿಮುಕಿಸ್ದಂಗೆ ಕೂತ್ಬಿಡ್ತದೆ" ಎಂದಳು ಅಮ್ಮ.

ಈ ಆಕಾರ ಮಾಮೂಲಿನದಲ್ಲ. ಬೇರೆ ಬಗೆಯ ಜೋಡಿಗಳಲ್ಲಿ ಸ್ಫೋಟ ಇದಕ್ಕೆ ತಿರುಗಾಮುರುಗಾ ಇರುತ್ತದೆ. ಅಲ್ಲಿ ಕಪ್ಪುಕುಳಿಯ ಬದಲು ಗಟ್ಟಿ ನೆಲವಿರುವ ನಕ್ಷತ್ರವೊಂದಿರುತ್ತದೆ. ಆ ನೆಲದ ಮೇಲೆ ಅನಿಲ ಬಿದ್ದು ರಾಶಿಯಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಆರುತ್ತದೆ. ಇಲ್ಲಿ ನಿಧಾನಕ್ಕೆ ತುಂಬಿ, ಥಟ್ಟನೆ ಬರಿದಾಗುತ್ತಿದೆ. ಬಿದ್ದದ್ದಕ್ಕೆ ಬಡಿಯಲು ನೆಲವೇ ಇಲ್ಲದಿದ್ದರೆ ಹೀಗಾಗಬಹುದು. ಆದರೆ ಒಂದೆರಡು ಸಲ ಕಂಡರೆ ಸಾಲದು. ತುಂಬಲು ಪ್ರತಿ ಸಲವೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿದರೆ ಮಾತ್ರ, ತುಂಬಿ ಬರಿದಾಗುವ ಈ ಕಥೆಯನ್ನು ಧೈರ್ಯವಾಗಿ ಹೇಳಬಹುದು.

ಸಾಲುಗಳ ಮೇಲೆ ಕೈಯಾಡಿಸಿದೆ. ಒಂದು ಉದ್ದ, ಎರಡು ಗಿಡ್ಡ, ಒಂದು ನಡುವಿನದು, ಮತ್ತೊಂದು ತೀರಾ ಗಿಡ್ಡ.

ಮಾರನೆಯ ಮಧ್ಯಾಹ್ನವೂ ಹಾಗೆಯೇ. ಅದರ ಮಾರನೆಯ ದಿನ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದ ಹೊಸ ಕಟ್ಟನ್ನು ಅಪ್ಪ ಬಟ್ಟೆ ಚೀಲದಲ್ಲಿ ತಂದರು. ಅದೂ ಹಾಗೆಯೇ. ಆಕಾರ ಅಷ್ಟು ಮುದ್ದಾಗಿದ್ದರೂ ಹೊತ್ತಿಗೆ ಲಂಗುಲಗಾಮು ಇರಲಿಲ್ಲ. ನನ್ನ ಎಣಿಕೆಯಲ್ಲೇ ತಪ್ಪಿರಬಹುದೆಂದು ಗೆಣ್ಣು ಬಿಟ್ಟು ಪ್ರತಿ ಅಂಕಿಗೂ ಒಂದು ಬೀಜ ಇಟ್ಟು ನೋಡಿದೆ. ಹಾಸಿಗೆ ತುಂಬ ಬೀಜವಾಯಿತೇ ಹೊರತು ಸಾಲುಗಳು ಸಮವಾಗಲಿಲ್ಲ. ಆಸೆಪಟ್ಟಿದ್ದೇನೆಂದು ಆಕಾಶ ನನಗೆ ಬೇಕಾದ ಹಾಗೆ ನಡೆದುಕೊಳ್ಳಬೇಕಿಲ್ಲವಲ್ಲ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ.

ನಿರ್ಧಾರ ತಿಳಿಸಬೇಕಾದ ದಿನ ಬಂತು. ನಾಲ್ಕು ಮನೆ ಆಚೆ ಮೆಡಿಕಲ್ ಸ್ಟೋರಿನಲ್ಲಿ ಫೋನಿತ್ತು. ಅಪ್ಪ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಸಂದೇಶವನ್ನು ಅಕ್ಷರ ತಪ್ಪದೆ ಮುಟ್ಟಿಸುವುದರಲ್ಲಿ ಎತ್ತಿದ ಕೈ. "ಆಕಾರ ಇದೆ, ಕ್ರಮ ಇಲ್ಲ" ಎಂದು ನಾನು ಹೇಳಿ ಕಳಿಸಿದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಬಂದು ಬಾಗಿಲಾಚೆಯೇ ನಿಂತರು.

"ಹೇಳ್ದೆ ಕಣಮ್ಮ. ಸರಿ ಅಂದ್ರು. ನಾಳೆ ಸಾಯಂಕಾಲ ಉಪಗ್ರಹ ನಮ್ಮ ಮೇಲೆ ಬರೋವಾಗ ಆದೇಶ ಕಳಿಸಿ ಆ ಹಳೇದರ ಕಡೆಗೆ ತಿರುಗಿಸ್ತಾರಂತೆ. ನಿನಗೆ ರೆಸ್ಟ್ ತಗೋಳಕ್ಕೆ ಹೇಳಿದ್ರು. ಮಗೂ ಹೆಂಗಿದೆ ಅಂತ ಕೇಳಿದ್ರು."

ನನಗೆ ಅಳು ಬಂತು. ಗೋಡೆಗೆ ಮುಖ ಮಾಡಿ ಅತ್ತೆ. ಪೆಟ್ಟಿಗೆ ಕಟ್ಟಿದ ವರ್ಷಗಳಲ್ಲಿ ಏನೇನೋ ಕೈಕೊಟ್ಟಿತ್ತು, ಆಗೆಲ್ಲ ಅಳು ಬಂದಿರಲಿಲ್ಲ. ಈಗ ಎಲ್ಲವೂ ಸರಿಯಾಗಿದ್ದು, ಮಗು ಪಕ್ಕದಲ್ಲಿದ್ದು, ಎಲ್ಲೋ ದೂರದಲ್ಲಿ ಒಂದು ಕತ್ತಲು ನನ್ನ ಮಾತು ಕೇಳಲಿಲ್ಲವೆಂದು ಅಳುತ್ತಿದ್ದೆ. ಅಮ್ಮ ಕಾಲು ಒತ್ತುತ್ತ ಕೂತಿದ್ದಳು. ಬಾಣಂತಿಗೆ ಹಾಗೆಲ್ಲ ದುಃಖ ಬರುತ್ತದೆ ಎಂದುಕೊಂಡಿರಬೇಕು.

ಮರುದಿನ ಇನ್ನೊಂದು ಕಟ್ಟು ಬಂತು. ನಾನು ಇಲ್ಲವೆನ್ನುವ ಮೊದಲೇ ಹೊರಟಿದ್ದದ್ದು. ಅಮ್ಮನ ಗಂಟಲು ಅಷ್ಟು ದಿನದ ಓದಿಗೂ ಹೊಗೆಗೂ ಕಟ್ಟಿಹೋಗಿತ್ತು. ಓದುವುದೇನೂ ಬೇಡ, ಮೇಲಿಟ್ಟುಬಿಡಿ ಎಂದೆ. ಅಪ್ಪ ಒಪ್ಪಲಿಲ್ಲ.

"ಬಂದ ದಾಖಲೆ ಓದದೆ ಇಡಬಾರ್ದಮ್ಮ. ನಾನು ಓದ್ತೀನಿ ಕೊಡು" ಎಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು. ಅವರ ಓದಿಗೆ ಏರಿಳಿತವೇ ಇರಲಿಲ್ಲ. ಜಡ್ಜರ ಮುಂದೆ ಹೇಳಿಕೆ ಓದಿ ಹೇಳುವ ಧಾಟಿ. ನಾನು ಅರೆಮನಸ್ಸಿನಿಂದ ಬೀಜ ಇಡುತ್ತಿದ್ದೆ.

"ಮುನ್ನೂರ ನಲವತ್ತೊಂದು. ಮುನ್ನೂರ ಮೂವತ್ತೆಂಟು. ಸೊನ್ನೆ. ಸೊನ್ನೆ. ಸೊನ್ನೆ. ಸೊನ್ನೆ. ಮುನ್ನೂರ ಐವತ್ತು."

ನಾನು ಕಣ್ಣು ಬಿಟ್ಟೆ. "ಏನಪ್ಪಾ ಅದು ಸೊನ್ನೆ?"

"ಇಲ್ಲಿ ಬರ್ದಿದ್ಯಲ್ಲಮ್ಮ. ಇದ್ದದ್ದನ್ನ ಓದಿದೆ."

ಅಷ್ಟರಲ್ಲಿ ಅಡುಗೆಮನೆಯಿಂದ ಕಟ್ಟಿದ ಗಂಟಲಲ್ಲೇ ಅಮ್ಮ ಕೂಗಿದಳು. "ರೀ! ಮಗು ಮುಂದೆ ಕೂತು ಸೊನ್ನೆ ಸೊನ್ನೆ ಅಂತೀರಲ್ಲಾ, ಬುದ್ಧಿ ಬೇಡ್ವಾ ನಿಮಗೆ?"

ನಮ್ಮ ಕಡೆಯ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಇಲ್ಲ ಎನ್ನುವಂತಿಲ್ಲ, ಬಳೆ ಒಡೆಯಿತು ಎನ್ನುವಂತಿಲ್ಲ, ದೀಪ ಆರಿತು ಎನ್ನುವಂತಿಲ್ಲ. ಬರಿದಾದದ್ದನ್ನು ಬಾಯಿ ಬಿಟ್ಟು ಹೇಳಿದರೆ ಅದು ಮನೆಯಲ್ಲೇ ಕೂತುಬಿಡುತ್ತದೆ. ಅದರಲ್ಲೂ ಎಳೆ ಮಗುವಿರುವ ಕೋಣೆಯಲ್ಲಿ.

"ಅಮ್ಮ, ಇಲ್ಲಿ ಬಾ. ನೀನು ಓದೋವಾಗ ಸೊನ್ನೆ ಬರ್ತಿತ್ತಾ?"

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಲ್ಲಲ್ಲಿ ಬರ್ತಿತ್ತು."

"ಏನು ಮಾಡ್ತಿದ್ದೆ?"

"ಬಿಟ್ಟು ಮುಂದಿಂದು ಓದ್ತಿದ್ದೆ. ಏನೂ ಇಲ್ದಿರೋದನ್ನ ಓದೋದೇನು?"

ಉಪಗ್ರಹದಿಂದ ನೆಲಕ್ಕೆ ಬರುವಾಗ ಅಲ್ಲಲ್ಲಿ ಸಂಕೇತ ತಪ್ಪಿಹೋಗುತ್ತದೆ. ಆ ಸೆಕೆಂಡುಗಳಿಗೆ ಕಂಪ್ಯೂಟರ್ ಸೊನ್ನೆ ಮುದ್ರಿಸುತ್ತದೆ. ಅಲ್ಲಿ ಅಂಕಿ ಇಲ್ಲದಿರಬಹುದು, ಹೊತ್ತಂತೂ ಕಳೆದಿರುತ್ತದೆ. ಅಮ್ಮ ಬಿಟ್ಟದ್ದು ಆ ಹೊತ್ತನ್ನು. ನನ್ನ ಸಾಲುಗಳು ಗಿಡ್ಡವಾದದ್ದು ಅಲ್ಲೇ.

"ಎಂಥಾ ಕೆಲಸ ಮಾಡ್ಬಿಟ್ಟೆ ಅಮ್ಮ! ಇವತ್ತು ಸಾಯಂಕಾಲ ತಿರುಗಿಸ್ಬಿಡ್ತಾರೆ. ಒಂದು ಮಾತು ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?" ನನ್ನ ದನಿಗೆ ಮಗು ಬೆಚ್ಚಿಬಿತ್ತು.

ಅಮ್ಮ ಮಗುವನ್ನು ಎತ್ತಿಕೊಂಡಳು. ಎದೆಗೊತ್ತಿಕೊಂಡು ಸ್ವಲ್ಪ ಹೊತ್ತು ತಟ್ಟಿದಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು. "ಹೋದ್ಸಲ ಆ ಡಾಕ್ಟ್ರಮ್ಮ ಆಚೆ ಬಂದು ಏನೂ ಇಲ್ಲಮ್ಮ ಅಂದ್ಳಲ್ಲ. ನನ್ ಕಿವೀಲಿ ಅದಿನ್ನೂ ಇದೆ ಕಣೇ. ಇವಳ ಮುಂದೆ ಆ ಮಾತು ನನ್ ಬಾಯಲ್ಲಿ ಹೆಂಗೆ ಬರ್ತದೆ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಮಾತನ್ನು ನನಗಿಂತ ಮೊದಲು ಕೇಳಿಸಿಕೊಂಡವಳು ಅಮ್ಮ ಎಂಬುದು ನನಗೆ ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕೈ ಚಾಚಿ ಆಕೆಯ ಸೆರಗು ಹಿಡಿದುಕೊಂಡೆ. "ಹೋಗ್ಲಿ ಬಿಡಮ್ಮ. ಅದೊಂದು ಹೋದ್ರೆ ಇನ್ನೊಂದು" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಅಮ್ಮ ಬಿಡಲಿಲ್ಲ. ಕನ್ನಡಕ ಹಾಕಿಕೊಂಡಳು.

"ರೀ, ಮಗೂನ ಎತ್ಕೊಂಡು ಜಗಲೀಗೆ ಹೋಗಿ. ನಾನು ಕರೆಯೋವರ್ಗೂ ಒಳಗೆ ಬರ್ಬೇಡಿ" ಎಂದು ಮಗುವನ್ನು ಅಪ್ಪನ ಕೈಗಿತ್ತು, ಬಾಗಿಲು ಹಾಕಿ, ದೀಪ ಹಚ್ಚಿ, ಹಳೆಯ ಕಟ್ಟನ್ನು ಮೊದಲಿಂದ ಬಿಚ್ಚಿದಳು. ಕಟ್ಟಿದ ಗಂಟಲು. ಅಂಕಿಗಳು ಅರ್ಧಕ್ಕರ್ಧ ಉಸಿರಲ್ಲೇ ಬರುತ್ತಿದ್ದವು. ಮೊದಲ ಸೊನ್ನೆ ಬಂದಾಗ ಒಂದು ಕ್ಷಣ ನಿಂತಳು. ಬಾಗಿಲ ಕಡೆ ನೋಡಿದಳು. ಆಮೇಲೆ ಸ್ಪಷ್ಟವಾಗಿ ಓದಿದಳು. "ಸೊನ್ನೆ."

"ಬಲಗಡೆ ಕಾವಲಿನ ಲೆಕ್ಕದಲ್ಲಿ ಏನಿದೆ ನೋಡ್ತೀಯಾ?"

"ಅಲ್ಲೂ ಅದೇ."

"ಆಮೇಲಿಂದು? ಒಂದೇ ಸಲ ಮೊದಲಿನಷ್ಟೇ ಬರುತ್ತಾ, ನಿಧಾನಕ್ಕೆ ಏರುತ್ತಾ?"

"ಮೊದಲಿನಷ್ಟೇ. ಏನೂ ಆಗೇ ಇಲ್ಲ ಅನ್ನೋ ಹಂಗೆ."

ಸೊನ್ನೆಗೂ ಬೀಜ ಇಟ್ಟೆ. ಗಿಡ್ಡ ಸಾಲುಗಳು ಬೆಳೆದವು. ಒಂದು ಸಾಲು, ಅದರ ಕೆಳಗೆ ಅಷ್ಟೇ ಉದ್ದದ್ದು, ಅದರ ಕೆಳಗೆ ಇನ್ನೊಂದು. ಒಂದೆರಡು ಬೀಜ ಆಚೀಚೆ, ಅಷ್ಟೇ. ಕಾನೂನು ಮುರಿದು ಕಣ್ಣು ಬಿಟ್ಟು ನೋಡಿದೆ. ಅಮ್ಮನೂ ಕಾಗದ ಬಿಟ್ಟು ಬಗ್ಗಿ ನೋಡಿದಳು.

ಅಪ್ಪ ಮಗುವನ್ನು ಒಪ್ಪಿಸಿ ಫೋನಿಗೆ ಓಡಿದರು. ಓಡಿದಷ್ಟೇ ಬೇಗ ವಾಪಸ್ಸು ಬಂದರು. "ಸೊನ್ನೆ ಯಾರದು ಅಂತ ಕೇಳ್ತಾರಮ್ಮ. ಡಿಟೆಕ್ಟರ್‌ದೋ, ಇನ್ನೇನದೋ. ನಂಗೊಂದೂ ಅರ್ಥ ಆಗ್ಲಿಲ್ಲ. ಸುಮ್ನೆ ಏನೋ ಹೇಳಿ ಕೆಡಿಸ್ಬಾರ್ದು ಅಂತ ಬಂದೆ. ನೀನೇ ಮಾತಾಡ್ಬೇಕಂತೆ, ಲೈನಲ್ಲೇ ಇದಾರೆ."

ನಾನು ಅಮ್ಮನ ಮುಖ ನೋಡಿದೆ. ಬಾಣಂತಿ ಹೊಸಿಲು ದಾಟಲು ಇನ್ನೂ ದಿನಗಳಿದ್ದವು. ಅದಕ್ಕೊಂದು ಶಾಸ್ತ್ರ, ಗಂಗೆಪೂಜೆ, ಎಲ್ಲ ಇತ್ತು. ಕೇಳುವ ಧೈರ್ಯವೂ ಆಗಲಿಲ್ಲ.

ಅಮ್ಮ ನನ್ನ ಸ್ಕಾರ್ಫನ್ನು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದಳು. ಎರಡೂ ಕಿವಿಗೆ ಹೊಸ ಅರಳೆ ತುರುಕಿದಳು. ಮಗುವನ್ನು ಮತ್ತೆ ಅಪ್ಪನ ಕೈಗಿತ್ತು, ಗಾಳಿ ಸೋಕದಿರಲೆಂದು ಬೀರುವಿನ ಕಬ್ಬಿಣದ ಬೀಗದ ಕೈಯನ್ನು ನನ್ನ ಮುಷ್ಟಿಯಲ್ಲಿಟ್ಟು ಮುಚ್ಚಿದಳು. "ನಡಿ ಹೋಗಣ. ನೆಲ ನೋಡ್ಕೊಂಡು ನಡಿ, ಆಕಾಶ ಗೀಕಾಶ ನೋಡ್ಬೇಡ" ಎಂದಳು.

ನಾಲ್ಕೇ ಮನೆ. ಆದರೂ ಬೀದಿಯ ಬಿಸಿಲಿಗೆ ಕಣ್ಣು ಕುಕ್ಕಿ, ಅಮ್ಮನ ತೋಳಿಗೆ ಜೋತುಬಿದ್ದು ನಡೆದೆ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. "ಏನಮ್ಮಾ, ಅಪ್ಪುಡೇ ಬಯಟಿಕಿ?" ಎಂದು ಕೇಳಿದರು. ಇಷ್ಟು ಬೇಗ ಹೊರಗೆ ಬಂದಿರಾ ಎಂದು. "ಆಫೀಸು ಪನಿ" ಎಂದಳು ಅಮ್ಮ, ತಲೆ ಎತ್ತಿಕೊಂಡು. ಆಫೀಸಿನ ಕೆಲಸವಂತೆ!

ಫೋನು ಹಿಡಿಯಲು ಒಂದು ಕಿವಿಯ ಅರಳೆಯನ್ನು ಅಮ್ಮನೇ ತೆಗೆದಳು. ಹಿರಿಯರು ಕ್ಷೇಮ ವಿಚಾರಿಸಿ ನೇರ ವಿಷಯಕ್ಕೆ ಬಂದರು. "ಆ ಸೊನ್ನೆಗಳು ಸಂಕೇತ ತಪ್ಪಿದ್ದರಿಂದ ಬಂದವೋ, ನಮ್ಮ ಪೆಟ್ಟಿಗೆಯೇ ಆಗಾಗ ನಿಂತುಹೋಗುತ್ತಿದೆಯೋ? ಪೆಟ್ಟಿಗೆಯೇ ನಿಲ್ಲುತ್ತಿದ್ದರೆ ಈ ಏರಿಳಿತವೂ ಅದರದ್ದೇ ಚೇಷ್ಟೆ ಇರಬಹುದಲ್ಲ?"

"ಪೆಟ್ಟಿಗೆಯದಲ್ಲ ಸರ್. ಕಾವಲು ಪದರದ ಎಣಿಕೆಯೂ ಅದೇ ಸಾಲುಗಳಲ್ಲಿ ಸೊನ್ನೆ. ಎಲ್ಲ ಪೆಟ್ಟಿಗೆಗಳೂ ಒಂದೇ ಸೆಕೆಂಡಿಗೆ ಕೆಡೋದಿಲ್ಲ. ವೋಲ್ಟೇಜ್ ಬಿದ್ದಿದ್ದರೆ ಮತ್ತೆ ಏರೋದಕ್ಕೆ ಹೊತ್ತು ಹಿಡೀತಿತ್ತು. ಇಲ್ಲಿ ತಕ್ಷಣ ಮೊದಲಿನ ಎಣಿಕೆಗೇ ಬರುತ್ತೆ."

"ನಿನ್ನೆ ಕ್ರಮ ಇಲ್ಲ ಅಂದಿದ್ದಿರಿ."

"ಓದುವಾಗ ಸೊನ್ನೆಯ ಸಾಲುಗಳು ಬಿಟ್ಟುಹೋಗಿದ್ದವು."

"ಓದಿದ್ದು ಯಾರು?"

ಪಕ್ಕದಲ್ಲಿ ಅಮ್ಮ ಕೈಯಲ್ಲಿ ಅರಳೆ ಹಿಡಿದು ನಿಂತಿದ್ದಳು. "ನಾವೇ ಸರ್" ಎಂದೆ.

ಹಳೆಯ ಜೋಡಿಯ ಕಡೆ ತಿರುಗಿದರೆ ಏನಾದರೂ ಕೈಗೆ ಸಿಗುವುದು ಖಾತ್ರಿ. ಇಲ್ಲೇ ಉಳಿದು, ನಾಳೆಯೇ ಇದು ಸುಮ್ಮನಾಗಿಬಿಟ್ಟರೆ ಎರಡೂ ಇಲ್ಲ. ನಮ್ಮ ಕಾಲಾವಕಾಶವೂ ಮುಗಿಯುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

"ನೀವೇನು ಹೇಳ್ತೀರಮ್ಮ?"

"ಅಲ್ಲೇ ಇರಿ ಸರ್."

"ಸರಿ. ಅಲ್ಲೇ ಇರ್ತೀವಿ. ನೀವು ಹೋಗಿ ಮಲಗಿ" ಎಂದು ಫೋನಿಟ್ಟರು. ಮನೆಗೆ ಬಂದ ಮೇಲೆ ಅಮ್ಮ ದೃಷ್ಟಿ ತೆಗೆದಳು. ನನಗೂ ತೆಗೆದಳು, ಮಗುವಿಗೂ ತೆಗೆದಳು. ಕೈಯಲ್ಲಿ ಉಪ್ಪು ಇನ್ನೂ ಉಳಿದಿತ್ತೆಂದು ಅಪ್ಪನಿಗೂ ತೆಗೆದಳು.

ಆಮೇಲಿನ ದಿನಗಳಷ್ಟು ಸುಖವಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ. ಕಟ್ಟುಗಳು ಬರುತ್ತಲೇ ಇದ್ದವು. ಮಗುವಿನ ನಿದ್ದೆಯ ಹೊತ್ತಿಗೆ ಅಪ್ಪ ತೊಟ್ಟಿಲನ್ನು ನಡುಮನೆಗೆ ಸಾಗಿಸುವರು, ಅಮ್ಮ ಬಾಗಿಲು ಹಾಕಿಕೊಂಡು ಓದುವಳು. ಏರುವುದು, ಬೀಳುವುದು, ಮತ್ತೆ ಅಷ್ಟೇ ಹೊತ್ತಿಗೆ ಏರುವುದು. ಬೆಂಗಳೂರಿನಲ್ಲಿ ಯಂತ್ರ ರಿಪೇರಿಯಾಗಿ ಗ್ರಾಫುಗಳು ಬರತೊಡಗಿದ ಮೇಲೆ ನಮ್ಮ ಓದಿನ ಅಗತ್ಯವೇನೂ ಇರಲಿಲ್ಲ. ಆದರೂ ಹಿರಿಯರು ಕಟ್ಟು ಕಳಿಸುವುದನ್ನು ನಿಲ್ಲಿಸಲಿಲ್ಲ, ನಾವೂ ಬೇಡವೆನ್ನಲಿಲ್ಲ. ನಿಧಾನಕ್ಕೆ ತುಂಬಿ ಥಟ್ಟನೆ ಬರಿದಾಗುವ ಆ ಮಿನುಗಿನ ಬಗ್ಗೆ ನಮ್ಮ ಗುಂಪು ಮುಂದೆ ಬರೆದ ಲೇಖನಕ್ಕೆ ಆಧಾರವಾದದ್ದು ಆ ದಿನಗಳ ಎಣಿಕೆಯೇ.

ಕೊನೆಯ ಕಟ್ಟು ಬಂದ ಮಧ್ಯಾಹ್ನ ಅಮ್ಮ ಎಂದಿನಂತೆ ಶುರು ಮಾಡಿದಳು. ಇನ್ನೂರ ಎಪ್ಪತ್ತು. ಇನ್ನೂರ ಅರವತ್ತೆಂಟು. ಇನ್ನೂರ ಎಪ್ಪತ್ತಮೂರು. ಒಂದು ಮಡಿಕೆ ಮುಗಿಯಿತು. ಇನ್ನೊಂದು ಮುಗಿಯಿತು. ದನಿ ಏರಲೇ ಇಲ್ಲ. ನನ್ನ ಮುಷ್ಟಿಯಲ್ಲಿದ್ದ ಬೀಜಗಳಿಗೆ ಸಾಲು ಮುರಿಯುವ ಜಾಗ ಸಿಗಲಿಲ್ಲ.

"ಏರ್ತಾನೇ ಇಲ್ವಲ್ಲೇ" ಎಂದಳು ಅಮ್ಮ.

"ನಿಂತಿರಬೇಕಮ್ಮ. ಅದು ಹಾಗೇ. ಕೆಲವು ದಿನ ಹೀಗೆ ಮಿನುಗುತ್ತೆ, ಆಮೇಲೆ ಚಾಳಿ ಬದಲಾಯಿಸುತ್ತೆ. ಮತ್ತೆ ಯಾವಾಗಲೋ."

"ಆವತ್ತು ತಿರುಗಿಸಿದ್ರೆ?"

"ಇಷ್ಟೂ ಸಿಗ್ತಿರಲಿಲ್ಲ."

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅಳುತ್ತಿದ್ದಾಳೋ, ಹೊಗೆಯೋ ಗೊತ್ತಾಗಲಿಲ್ಲ. ಹತ್ತಾರು ಸಾವಿರ ವರ್ಷದ ಹಿಂದೆ ನಿಂತುಹೋದದ್ದಕ್ಕಾಗಿ ನಮ್ಮ ಮನೆಯಲ್ಲಿ ಒಬ್ಬರಿಗೆ ಆ ಮಧ್ಯಾಹ್ನ ಬೇಸರವಾಗಿತ್ತು. ಆಕೆಯನ್ನು ಆ ಬೇಸರದಲ್ಲಿ ನೋಡುತ್ತ ನನಗೆ ಆಕೆಯ ಮೇಲೆ ಉಕ್ಕಿದ ಪ್ರೀತಿಗೆ ಏನು ಹೆಸರು ಕೊಡಲಿ?

"ಸಾಕಮ್ಮ. ಇನ್ನೇನೂ ಬರಲ್ಲ. ಗಂಟಲು ನೋಯಿಸ್ಕೋಬೇಡ."

"ಇರೇ, ಇನ್ನೂ ನಾಲ್ಕು ಮಡಿಕೆ ಇದೆ. ಬಂದ್ರೂ ಬರಬೋದು" ಎಂದು ಕನ್ನಡಕ ಏರಿಸಿಕೊಂಡಳು. ಇನ್ನೂರ ಎಪ್ಪತ್ತೊಂದು. ಇನ್ನೂರ ಅರವತ್ತೊಂಬತ್ತು. ನಾನು ಕಣ್ಣು ಮುಚ್ಚಿದೆ. ಅಮ್ಮ ಒಂದು ಸಾಲನ್ನೂ ಬಿಡದೆ ಕೊನೆಯವರೆಗೂ ಓದಿದಳು.